ಕೇರಿಯ ಹೆಸರು ಯಾವ ಕಲ್ಲಿನ ಮೇಲಿದೆ?

ಹೋದ ಡಿಸೆಂಬರ್ 16ರಂದು ನಮ್ಮ ಮೂರು ತಾಲೂಕುಗಳ ಪೈಕಿ ಒಂದರ ಕಾಲೇಜಿನಲ್ಲಿ ವಿಜಯ ದಿವಸ ಆಚರಿಸಿದರು. 1971ರ ಯುದ್ಧ ಗೆದ್ದ ದಿನ. ಆಚರಿಸಲಿ, ನಮ್ಮ ತಕರಾರಿಲ್ಲ. ಇಬ್ಬರು ನಿವೃತ್ತ ಸೈನಿಕರನ್ನು ಕರೆದು ಶಾಲು ಹೊದಿಸಿದರು, ಹಾರ ಹಾಕಿದರು. ಆಮೇಲೆ ಅವರನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿ, ಯಾವ ಯುದ್ಧವನ್ನೂ ನೋಡದ ಒಬ್ಬರು 'ನಮ್ಮ ಸೀಮೆಯ ವೀರ ಪರಂಪರೆ' ಅಂತ ಒಂದೂವರೆ ಗಂಟೆ ಭಾಷಣ ಹೊಡೆದರು. ಕೆಳದಿ ಬಂತು, ಇಕ್ಕೇರಿ ಬಂತು, ಬಿದನೂರು ಬಂತು, ಕವಲೇದುರ್ಗ ಬಂತು. ಚೆನ್ನಮ್ಮಾಜಿ, ಔರಂಗಜೇಬ ಎಲ್ಲ ಬಂದು ಹೋದರು. ಕೊನೆಗೆ 'ಯಾರಾದರೂ ವಿದ್ಯಾರ್ಥಿಗಳು ಮಾತಾಡೋರಿದ್ದೀರಾ?' ಅಂದಾಗ ಹಿಂದಿನ ಬೆಂಚಿನಿಂದ ಹಾಸ್ಟೆಲಿನ ನಮ್ಮ ಹುಡುಗ ಎದ್ದು ನಿಂತ.

ಅವನು ಹೇಳಿದ್ದು ನಾಲ್ಕೇ ಮಾತು. 'ನಮ್ಮ ಮುತ್ತಜ್ಜ ಬರ್ಮಾದ ಯುದ್ಧಕ್ಕೆ ಹೋಗಿದ್ರಂತೆ. ಬಂದೂಕು ಹಿಡಿಯೋಕಲ್ಲ, ಹೊರೆ ಹೊರೋಕೆ. ತಿರುಗಿ ಬರಲಿಲ್ಲ. ಮುತ್ತಜ್ಜಿ ಸಾಯೋ ತನಕ ಬಳೆ ಒಡೀಲಿಲ್ಲ, ಬಂದೇ ಬರ್ತಾರೆ ಅಂತ. ಅವರ ಹೆಸರನ್ನೂ ಇಲ್ಲಿ ಹೇಳಬಹುದಾ?'

ವೇದಿಕೆಯ ಮೇಲಿದ್ದವರು ಮುಖ ಮುಖ ನೋಡಿಕೊಂಡರು. ಒಬ್ಬರು ಕೇಳಿದರು: 'ದಾಖಲೆ ಏನಾದರೂ ಇದೆಯೇನಪ್ಪಾ?'

ದಾಖಲೆ! ಸೋಗೆ ಮಾಡಿನ ಗುಡಿಸಲಿನಲ್ಲಿ, ಮಳೆಗಾಲದ ನಾಲ್ಕು ತಿಂಗಳು ಒಲೆಯೇ ಒದ್ದೆಯಾಗೋ ಮನೆಯಲ್ಲಿ, ಎಂಬತ್ತು ವರ್ಷದ ಹಿಂದಿನ ಕಾಗದ ಇಟ್ಟುಕೊಂಡಿರಬೇಕಿತ್ತಂತೆ. ಚೌಡಪ್ಪ ನಾಯಕನ ಕನಸಿನಲ್ಲಿ ದೇವರು ಬಂದದ್ದಕ್ಕೆ ದಾಖಲೆ ಕೇಳದೋರು ನಮ್ಮ ಹುಡುಗನ ಮುತ್ತಜ್ಜ ಸತ್ತದ್ದಕ್ಕೆ ದಾಖಲೆ ಕೇಳಿದರು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಸಭೆ ಮುಗಿದ ಮೇಲೆ ಆ ಇಬ್ಬರು ನಿವೃತ್ತ ಸೈನಿಕರಲ್ಲಿ ಒಬ್ಬರು ಇಳಿದು ಬಂದು ಹುಡುಗನ ಕೈ ಹಿಡಿದುಕೊಂಡರು. ಆಹ್ವಾನ ಪತ್ರಿಕೆಯ ಹಿಂಬದಿಯಲ್ಲಿ ಮುತ್ತಜ್ಜನ ಹೆಸರು, ಊರು ಬರೆದುಕೊಂಡರು. ಹಾಗಾಗಿ ನಮ್ಮ ಜಗಳ ಸೈನಿಕರ ಜೊತೆ ಅಲ್ಲ. ಸೈನಿಕರ ಹೆಸರು ಹೇಳಿಕೊಂಡು ಮೈಕು ಹಿಡಿಯೋರ ಜೊತೆ.

ಮೊದಲು ಅವರ ಕೆಳದಿಗೇ ಹೋಗೋಣ. ನಮ್ಮ ಮೂರೂ ತಾಲೂಕಿಗೆ ಹೆಮ್ಮೆ ಅಂದರೆ ಅದೇ ತಾನೇ? ಕೆಳದಿ, ಇಕ್ಕೇರಿ ಸಾಗರ ತಾಲೂಕಿನಲ್ಲಿವೆ. ಬಿದನೂರು, ಅಂದರೆ ಈಗಿನ ನಗರ, ಹೊಸನಗರ ತಾಲೂಕಿನಲ್ಲಿದೆ. ಕವಲೇದುರ್ಗ ತೀರ್ಥಹಳ್ಳಿ ತಾಲೂಕಿನಲ್ಲಿದೆ. 1500ರ ಆಸುಪಾಸಿನಲ್ಲಿ ಹುಟ್ಟಿ 1763ರಲ್ಲಿ ಹೈದರಾಲಿ ಬಿದನೂರು ಹಿಡಿಯೋ ತನಕ ನಡೆದ ರಾಜ್ಯ. ಅದರ ಹುಟ್ಟಿನ ಕಥೆ ಕೆಳದಿ ಕಡೆಯೋರಿಗೆಲ್ಲ ಗೊತ್ತು. ಚೌಡಪ್ಪ, ಭದ್ರಪ್ಪ ಅಂತ ಅಣ್ಣತಮ್ಮಂದಿರು. ಹುತ್ತದ ಮೇಲೆ ಹಸು ಹಾಲು ಸುರಿಸಿತು, ಹೊಲದಲ್ಲಿ ಕತ್ತಿ ಸಿಕ್ಕಿತು, ನಿಧಿ ಸಿಕ್ಕಿತು. ಹಸು, ಕತ್ತಿ, ನಿಧಿ, ಮೂರೂ ಆ ದಿನದ ಭಾಷಣದಲ್ಲಿ ಬಂದವು. ಬಾರದೇ ಹೋದದ್ದು ಒಂದೇ. ಆ ನಿಧಿ ಎತ್ತೋಕೆ ನರಬಲಿ ಬೇಕಾಯಿತು. ಮನೆಯ ಇಬ್ಬರು ಆಳುಗಳು, ಯಾದವ ಮತ್ತು ಮುರಾರಿ, ಬಲಿಯಾದರು. 'ನಾವು ಸಾಯ್ತೀವಿ, ನಮ್ಮ ಹೆಸರು ಉಳಿಸಿ' ಅಂದರಂತೆ.

ಇದನ್ನು ಸ್ವಾಮಿನಿಷ್ಠೆ ಅನ್ನುತ್ತಾರೆ. ತ್ಯಾಗ ಅನ್ನುತ್ತಾರೆ. ನಾವು ಕೇಳೋದು ಇಷ್ಟೇ: ಜೀತದ ಆಳಿಗೆ 'ಒಲ್ಲೆ' ಅನ್ನೋ ಮಾತು ಇತ್ತಾ? ಒಲ್ಲೆ ಅನ್ನೋಕೆ ಬಾಯಿಲ್ಲದೋನು 'ಹೂಂ' ಅಂದ ಅನ್ನೋದನ್ನು ತ್ಯಾಗ ಅಂತ ಯಾವ ನ್ಯಾಯದಲ್ಲಿ ಬರೆದುಕೊಳ್ಳೋದು? ಕೊಟ್ಟರೆ ತ್ಯಾಗ. ಕಿತ್ತುಕೊಂಡರೆ ಅದಕ್ಕೆ ಬೇರೆ ಹೆಸರಿದೆ.

ಇನ್ನು ಹೆಸರು ಉಳಿಸಿದ ಚಂದ ನೋಡಿ. ಕೆಳದಿ ಅರಸರಿಗೆ 'ಎಡವ ಮುರಾರಿ ಕೋಟೆ ಕೋಲಾಹಲ' ಅಂತ ಬಿರುದು ಇತ್ತು. ಆ ಇಬ್ಬರ ನೆನಪಿಗೇ ಅದನ್ನು ಇಟ್ಟುಕೊಂಡರು ಅಂತ ಒಂದು ಮಾತು. ಅಲ್ಲ, ವಿಜಯನಗರದೋರು ಕೊಟ್ಟ ಬಿರುದು ಅಂತ ಪಂಡಿತರು ಹೇಳುತ್ತಾರೆ. ಪಂಡಿತರು ಹೇಳಿದ್ದು ನಿಜವಾದರೆ ಆಳುಗಳಿಗೆ ಕೊಟ್ಟ ಮಾತು ನಡೆಯಲೇ ಇಲ್ಲ. ಜನ ಹೇಳಿದ್ದು ನಿಜವಾದರೆ ಸತ್ತೋರ ಹೆಸರು ಕೊಂದೋರ ಬಿರುದಾಯಿತು. ಯಾವುದನ್ನು ಹಿಡಿದರೂ ಲಾಭ ಒಬ್ಬರಿಗೇ. ಇಕ್ಕೇರಿಯ ಅಘೋರೇಶ್ವರ ಗುಡಿಗೆ ಹೋದರೆ ಗಮನಿಸಿ: ನೆಲದ ಕಲ್ಲಿನಲ್ಲಿ ದೇವರಿಗೆ ಅಡ್ಡಬಿದ್ದ ಮೂವರು ಅರಸರ ಚಿತ್ರ ಕೆತ್ತಿದ್ದಾರೆ, ಜೊತೆಗೆ ಹೆಸರೂ ಕೆತ್ತಿದ್ದಾರೆ. ಅಡ್ಡಬಿದ್ದದ್ದಕ್ಕೂ ಅವರಿಗೆ ಕಲ್ಲಿನಲ್ಲಿ ಹೆಸರು. ಅಡಿಪಾಯಕ್ಕೆ ಬಿದ್ದೋರಿಗೆ ಇಲ್ಲ. (ತೀರ್ಥಹಳ್ಳಿ ಸೀಮೆಯ ಒಬ್ಬ ಜೀತದಾಳಿನ ಹೆಸರು ಕರ್ನಾಟಕಕ್ಕೆಲ್ಲ ಗೊತ್ತಿದ್ದರೆ ಅದು 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ನಾಯಿಗುತ್ತಿಯದು. ಅವನೂ ಕಾದಂಬರಿಯೋನು!)

ಸಭೆಯ ದಿನ ರಾತ್ರಿ ಹಾಸ್ಟೆಲಿನಲ್ಲಿ ಒಂದು ಗಂಟೆಯ ತನಕ ಜಗಳವಾಯಿತು. ನಮ್ಮಲ್ಲೇ ಎರಡು ಗುಂಪು. ಒಂದು ಗುಂಪಿನೋರು ಅಂದರು: 'ಬ್ರಿಟಿಷರ ಕೂಲಿಗೆ ಹೋದೋರನ್ನು ನೆನೆಸಿಕೊಂಡರೆ ದೇಶದ್ರೋಹಿ ಅಂತಾರೆ. ಸುಮ್ಮನಿರೋದು ವಾಸಿ.' ಇನ್ನೊಂದು ಗುಂಪಿನೋರು ಅಂದರು: 'ನಾವೂ ವೀರರು, ನಮ್ಮದೂ ಕ್ಷಾತ್ರ ರಕ್ತ, ಕೋರೆಗಾಂವ್ ನೋಡಿ!' ಇಬ್ಬರ ಮಾತೂ ನಮಗೆ ಪೂರ್ತಿ ಒಪ್ಪಿಗೆಯಿಲ್ಲ.

ಮೊದಲ ಗುಂಪಿಗೆ ಹೇಳೋದು. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಹಿಡಿದ ಪಡೆಯಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು. ಯಾರಿಗಾಗಿ ಹಿಡಿದರು? ಅದೇ ಬ್ರಿಟಿಷರಿಗಾಗಿ. ದೆಹಲಿಯ ತೀನ್ ಮೂರ್ತಿ ಅವರ ನೆನಪಿನದು: ಮೈಸೂರು, ಹೈದರಾಬಾದು, ಜೋಧಪುರದ ಕುದುರೆ ಸವಾರರು. 2018ರ ಜನವರಿಯಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರು ಸೇರಿಸಿ ದೊಡ್ಡ ಸಮಾರಂಭ ಮಾಡಿದರು. ಅದೇ 2018ರ ಜನವರಿ 1ರಂದು ಭೀಮಾ ಕೋರೆಗಾಂವ್ ಸ್ತಂಭಕ್ಕೆ ಕೈಮುಗಿಯೋಕೆ ಹೋದ ನಮ್ಮ ಜನರ ಮೇಲೆ ಕಲ್ಲು ಬಿತ್ತು. ಇವರೂ ಬ್ರಿಟಿಷರ ಸಂಬಳದೋರು, ಅವರೂ ಬ್ರಿಟಿಷರ ಕಡೆಯೋರು. ಒಬ್ಬರದು ಪರಾಕ್ರಮ, ಇನ್ನೊಬ್ಬರದು ದ್ರೋಹ. ಲೆಕ್ಕ ಎಲ್ಲಿ ತಪ್ಪಿತು ಅಂತ ನೀವೇ ಹೇಳಿ. ಲ್ಯಾನ್ಸರ್‌ಗಳನ್ನು ಯಾರೂ ಮರೆಯಬೇಕಾಗಿಲ್ಲ. ಆದರೆ ಆ ಕುದುರೆಗಳಿಗೆ ಹುಲ್ಲು ಹಾಕಿದೋರು, ಲದ್ದಿ ಬಾಚಿದೋರು, ನೀರು ಹೊತ್ತೋರು ಇದ್ದರಲ್ಲ, ಅವರು ಯಾವ ವೃತ್ತದಲ್ಲಿದ್ದಾರೆ?

ಇದು ನಮ್ಮ ದೇಶದ ರೋಗ ಮಾತ್ರ ಅಂದುಕೊಳ್ಳಬೇಡಿ. ಮೊದಲ ಮಹಾಯುದ್ಧಕ್ಕೆ ಇಂಡಿಯಾದಿಂದ ಸುಮಾರು 13 ಲಕ್ಷ ಜನ ಹೊರದೇಶಕ್ಕೆ ಹೋದರು. ಅದರಲ್ಲಿ ಲಕ್ಷಗಟ್ಟಲೆ ಜನ ಬಂದೂಕು ಹಿಡಿಯದೋರು: ಹೊರೆಯಾಳು, ಹೇಸರಗತ್ತೆ ನಡೆಸೋನು, ಅಡಿಗೆಯೋನು, ಕಕ್ಕಸು ತೊಳೆಯೋನು. 70 ಸಾವಿರಕ್ಕೂ ಹೆಚ್ಚು ಜನ ಸತ್ತರು. ದೆಹಲಿಯ ಇಂಡಿಯಾ ಗೇಟಿನ ಮೇಲಿರೋದು 13 ಸಾವಿರ ಚಿಲ್ಲರೆ ಹೆಸರು. 'ಸತ್ತ ಮೇಲೆ ಎಲ್ಲರೂ ಸಮಾನರು' ಅಂತ ಹೇಳಿಕೊಂಡು ಬಂದಿದ್ದ ಬ್ರಿಟಿಷರ ಯುದ್ಧಸಮಾಧಿ ಆಯೋಗ ನೂರು ವರ್ಷ ಕಳೆದ ಮೇಲೆ, 2021ರಲ್ಲಿ, ತನ್ನ ಕಡತ ತಾನೇ ತಿರುವಿ ನೋಡಿ ತಪ್ಪೊಪ್ಪಿಕೊಂಡಿತು. ಕಡಿಮೆ ಅಂದರೂ 1,16,000 ಜನರಿಗೆ ಎಲ್ಲೂ ಹೆಸರಿಲ್ಲ, ಆ ಸಂಖ್ಯೆ 3,50,000 ಆಗಿರಲೂಬಹುದು. ಅವರಲ್ಲಿ ಹೆಚ್ಚಿನೋರು ಪೂರ್ವ ಆಫ್ರಿಕಾದ, ಈಜಿಪ್ಟಿನ ಕೂಲಿಗಳು, ಸಿಪಾಯಿಗಳು. ಇನ್ನೂ 45ರಿಂದ 54 ಸಾವಿರ ಜನರನ್ನು ಬಿಳಿಯರಿಗೆ ಸಮನಾಗಿ ನೆನೆಯಲಿಲ್ಲ, ಆ ಪಟ್ಟಿಯಲ್ಲಿ ನಮ್ಮ ದೇಶದೋರೂ ಇದ್ದಾರೆ. ಬ್ರಿಟನ್ನಿನ ರಕ್ಷಣಾ ಮಂತ್ರಿ ಪಾರ್ಲಿಮೆಂಟಿನಲ್ಲಿ ಎದ್ದು ಕ್ಷಮೆ ಕೇಳಿದರು. ನಮ್ಮ ಹುಡುಗನಿಗೆ 'ದಾಖಲೆ ಇದೆಯೇನಪ್ಪಾ' ಅಂದೋರಿಗೆ ಈ ಸುದ್ದಿ ಮುಟ್ಟಲಿ. ದಾಖಲೆ ಬರೆಯಬೇಕಾದೋರೇ 'ನಾವು ಬರೆಯಲಿಲ್ಲ' ಅಂದಿದ್ದಾರೆ.

ಈಗ ಎರಡನೇ ಗುಂಪು. ಕೋರೆಗಾಂವ್ ಸ್ತಂಭದಲ್ಲಿ ಸತ್ತ 49 ಜನರ ಹೆಸರಿದೆ, ಅದರಲ್ಲಿ 22 ಮಹಾರರದು. ಬಾಬಾಸಾಹೇಬರು 1927ರ ಜನವರಿ 1ರಂದು ಅಲ್ಲಿಗೆ ಹೋದರು. ಯಾಕೆ ಹೋದರು? ರಕ್ತದ ಬಣ್ಣ ತೋರಿಸೋಕಲ್ಲ. ನಮ್ಮನ್ನು ಬೇಕಾದಾಗ ಬಳಸಿ ಬೇಡವಾದಾಗ ಎಸೆದರು ಅನ್ನೋದಕ್ಕೆ ಆ ಕಲ್ಲು ಸಾಕ್ಷಿ ಅಂತ ಹೋದರು. ಅವರಿಗೆ ಇದು ಪುಸ್ತಕದ ಮಾತಾಗಿರಲಿಲ್ಲ. ಅವರ ತಂದೆ ರಾಮಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರು, ಅವರು ಹುಟ್ಟಿದ್ದೇ ಮಹೂ ದಂಡಿನಲ್ಲಿ, 1891ರಲ್ಲಿ. ಅದಾಗಿ ಒಂದೆರಡು ವರ್ಷದೊಳಗೆ 'ಯುದ್ಧದ ಜಾತಿಗಳು' ಅನ್ನೋ ಪಟ್ಟಿ ಮಾಡಿಕೊಂಡು ಮಹಾರರನ್ನು ಸೇರಿಸಿಕೊಳ್ಳೋದನ್ನೇ ನಿಲ್ಲಿಸಿದರು. ಮನು ಮಾಡಿದ ಪಟ್ಟಿ ಸಾಲದು ಅಂತ ಬಿಳಿಯನೂ ಒಂದು ಪಟ್ಟಿ ಮಾಡಿದ. 1917ರಲ್ಲಿ ಹೆಣ ಬೀಳೋದು ಹೆಚ್ಚಾಯಿತು, ಮಹಾರರ ಪಡೆ ಕಟ್ಟಿದರು. ಯುದ್ಧ ಮುಗೀತು, ಪಡೆ ತೆಗೆದರು. 1941ರಲ್ಲಿ ಮತ್ತೆ ಯುದ್ಧ, ಮತ್ತೆ ಮಹಾರ್ ರೆಜಿಮೆಂಟು. ಅದರ ಮೊದಲ ಪಡೆ ಕಟ್ಟಿದ್ದು ನಮ್ಮ ಬೆಳಗಾವಿಯಲ್ಲೇ. 1943ರಲ್ಲಿ ಚಮಾರ್ ರೆಜಿಮೆಂಟ್ ಕಟ್ಟಿ ಜಪಾನಿಗಳ ಎದುರಿಗೆ ಬರ್ಮಾ ಗಡಿಗೆ ಕಳಿಸಿದರು, 1946ರಲ್ಲಿ ಅದನ್ನೂ ವಿಸರ್ಜಿಸಿದರು. ಯುದ್ಧಕ್ಕೆ ಅಂತ ಮಾತ್ರ ಸೇರಿಸಿಕೊಂಡಿದ್ದೋರನ್ನು ಪಿಂಚಣಿಯಿಲ್ಲದೆ ಮನೆಗೆ ಕಳಿಸಿದರು. ಕ್ಷಾತ್ರ ರಕ್ತ ಅಂತ ಎದೆ ತಟ್ಟಿಕೊಳ್ಳೋ ಗೆಳೆಯರೇ, ಸಾಯೋಕೆ ಯೋಗ್ಯತೆ ಇದೆ ಅಂತ ಸಾಬೀತು ಮಾಡಿದರೆ ಬದುಕೋಕೆ ಗದ್ದೆ ಕೊಡುತ್ತಾರಾ? ಬಾವಿ ಬಿಡುತ್ತಾರಾ?

ಬಂದೂಕಿನ ಮಾತು ಇಷ್ಟು ಸಾಕು. ನಮ್ಮ ಮೂರು ತಾಲೂಕಿನ ಕೇರಿಗಳ ಯುದ್ಧ ನಡೆದದ್ದು ಇಲ್ಲೇ, ಹಟ್ಟಿಯೊಳಗೆ. ಅದನ್ನು ಯಾರೂ ಯುದ್ಧ ಅನ್ನಲಿಲ್ಲ, ಅಷ್ಟೇ.

1942ರಲ್ಲಿ ಜಪಾನಿನೋರು ಬರ್ಮಾ ಹಿಡಿದರು. ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಹೆಚ್ಚು ಬರುತ್ತಿದ್ದ ರಂಗೂನ್ ಅಕ್ಕಿ ನಿಂತುಹೋಯಿತು. ಬಂಗಾಳದಲ್ಲಿ 1943ರಲ್ಲಿ ಲಕ್ಷಾಂತರ ಜನ ಬೀದಿಯಲ್ಲಿ ಸತ್ತರು. ಅಂಥ ಕ್ಷಾಮ ಮೈಸೂರು ಸೀಮೆಗೆ ಬರಲಿಲ್ಲ, ಸರಿ. ಆದರೆ ಲೆವಿ ಬಂತು, ಪಡಿತರ ಬಂತು, ಕಾಳಸಂತೆ ಬಂತು. ಭತ್ತ ಬೆಳೆಯೋ ನಾಡಿನಲ್ಲೇ ಭತ್ತ ಮಾಯವಾಯಿತು. ಸರ್ಕಾರ ಲೆವಿಯನ್ನು ಒಡೆಯನ ಕಣಜದಿಂದ ಅಳೆದುಕೊಂಡಿತು. ಒಡೆಯ ಗೇಣಿಯನ್ನು ಗೇಣಿದಾರನ ಕಣದಿಂದ ಅಳೆದುಕೊಂಡ, ಅದೂ ತನ್ನ ದೊಡ್ಡ ಕೊಳಗದಲ್ಲಿ. ಗೇಣಿದಾರನಿಗೂ ಕೆಳಗೆ, ಗೇಣಿಯೂ ಇಲ್ಲದ, ಬರೀ ಮೈಯಿದ್ದ ಜೀತದಾಳು ಏನು ಅಳೆದುಕೊಳ್ಳಬೇಕು? ಅವನ ದಿನದ ಭತ್ತ ಅರ್ಧಕ್ಕಿಳಿಯಿತು. 'ಯುದ್ಧ ಕಣೋ, ನಾನೇನು ಮಾಡ್ಲಿ' ಅಂದರೆ ಮುಗೀತು. ಹಿಟ್ಲರ್ ಅಂದರೆ ಯಾರು ಅಂತ ಗೊತ್ತಿಲ್ಲದ ಕೇರಿಯಲ್ಲಿ ಬೈನೆ ಮರದ ತಿರುಳು ಕುಟ್ಟಿ ಹಿಟ್ಟು ಮಾಡಿದರು, ಕೆಸುವಿನ ಗೆಡ್ಡೆ ಅಗೆದರು, ಕಳಲೆ ಬೇಯಿಸಿದರು. ನಮ್ಮ ಅಜ್ಜಿಯರಿಗೆ ಅವರ ತಾಯಂದಿರು ಹೇಳಿದ ಮಾತು ಇದು. ಮಕ್ಕಳಿಗೆ ಗಂಜಿಯ ಅಗುಳು, ಗಂಡಸಿಗೆ ಗಂಜಿಯ ತಿಳಿ, ತಾಯಿಗೆ ಮಡಕೆ ತೊಳೆದ ನೀರು. ತಿರುಗಿ ಬಾರದ ಗಂಡನಿಗೆ ಕಾಯುತ್ತ ಬಳೆ ಒಡೆಯದೆ ಇದ್ದ ಮುತ್ತಜ್ಜಿ ಆ ನೀರು ಕುಡಿದುಕೊಂಡೇ ನಾಲ್ಕು ಮಕ್ಕಳನ್ನು ಸಾಕಿದ್ದು. ಇದು ಯಾವ ರಂಗದ ಯುದ್ಧ ಅನ್ನಿ?

ಇನ್ನೊಂದು ಹೇಳಬೇಕು, ಇದನ್ನು ಚರಿತ್ರೆಯ ಮೇಷ್ಟ್ರುಗಳು ಹೇಳೋದಿಲ್ಲ. ಮಲೆನಾಡಿಗೆ ಆಗ ಮಲೇರಿಯಾ ಮನೆಮಗನ ಹಾಗೆ. ಚಳಿಜ್ವರ ಬಾರದ ಮನೆಯಿಲ್ಲ, ಜ್ವರಗಡ್ಡೆಯಿಂದ ಹೊಟ್ಟೆ ಉಬ್ಬದ ಮಗುವಿಲ್ಲ. ಇದ್ದ ಮದ್ದು ಕ್ವಿನೈನ್ ಒಂದೇ. ಲೋಕದ ಕ್ವಿನೈನಿನಲ್ಲಿ ನೂರಕ್ಕೆ ತೊಂಬತ್ತು ಪಾಲು ಬರುತ್ತಿದ್ದದ್ದು ಜಾವಾ ದ್ವೀಪದಿಂದ. 1942ರಲ್ಲಿ ಜಪಾನಿನೋರು ಜಾವಾ ಹಿಡಿದರು. ಉಳಿದ ಕ್ವಿನೈನಿಗೆ ಮೊದಲ ಹಕ್ಕು ಸೈನ್ಯದ್ದು. ಜಾವಾ ಬಿದ್ದರೆ ಹೊಸನಗರದ ಕಾಡಿನೊಳಗಿನ ಗುಡಿಸಲಿಗೆ ಏನಾಗುತ್ತೆ ಅಂತ ಕೇಳಬೇಡಿ. ಕಂಬಳಿಯಿಲ್ಲದೋನಿಗೆ ಚಳಿಜ್ವರ ಬಂದರೆ ಹೇಗೆ ನಡುಗುತ್ತಾನೆ ಅನ್ನೋದನ್ನು ಯೋಚಿಸಿ ಸಾಕು. ಸತ್ತೋನು 'ಜ್ವರ ಬಂದು ಸತ್ತ' ಅಂತಾದ. ಯುದ್ಧದಲ್ಲಿ ಸತ್ತ ಅಂತ ಯಾರೂ ಬರೆಯಲಿಲ್ಲ.

ಅದೇ 1942ರಲ್ಲಿ ನಮ್ಮ ಪಕ್ಕದ ಶಿಕಾರಿಪುರ ತಾಲೂಕಿನ ಈಸೂರು ಎದ್ದು ನಿಂತಿತು. 1943ರ ಮಾರ್ಚಿನಲ್ಲಿ ಐವರನ್ನು ಗಲ್ಲಿಗೇರಿಸಿದರು. ಆ ಐವರ ಹೆಸರು ಶಿವಮೊಗ್ಗ ಜಿಲ್ಲೆಯ ಶಾಲೆಯ ಮಕ್ಕಳಿಗೆ ಗೊತ್ತು. ಗೊತ್ತಿರಲೇಬೇಕು. ಆದರೆ ಹಗ್ಗದಿಂದ ಸತ್ತೋರಿಗೆ ಲೆಕ್ಕ ಇರುತ್ತೆ, ಹಸಿವಿನಿಂದ ಸತ್ತೋರಿಗೆ ಇರೋದಿಲ್ಲ.

ಯುದ್ಧ ಮುಗಿದು ಆರನೇ ವರ್ಷಕ್ಕೆ, 1951ರ ಏಪ್ರಿಲ್‌ನಲ್ಲಿ, ಸಾಗರ ತಾಲೂಕಿನ ಕಾಗೋಡಿನ ಗೇಣಿದಾರರು ಆ ದೊಡ್ಡ ಕೊಳಗದ ವಿರುದ್ಧವೇ ಎದ್ದರು. ಗಣಪತಿಯಪ್ಪನವರು ಮುಂದೆ ನಿಂತರು, ಲೋಹಿಯಾ ಬಂದು ದಸ್ತಗಿರಿಯಾದರು. ದೊಡ್ಡ ಹೋರಾಟ, ನಮಗೆ ಗೌರವವಿದೆ. 'ಉಳುವವನೇ ಹೊಲದೊಡೆಯ' ಅಂದರು. 1974ರ ಭೂಸುಧಾರಣೆಯಲ್ಲಿ ಗೇಣಿದಾರನಿಗೆ ಭೂಮಿ ಬಂತು. ಗೇಣಿದಾರನ ಗದ್ದೆಯಲ್ಲಿ ನೇಗಿಲು ಹಿಡಿದಿದ್ದ ನಮ್ಮಪ್ಪನಿಗೆ? ಅವನ ಹೆಸರು ಗೇಣಿಚೀಟಿಯಲ್ಲಿರಲಿಲ್ಲ. ಮತ್ತೆ ಅದೇ ಮಾತು: 'ದಾಖಲೆ ಇದೆಯೇನಪ್ಪಾ?'

1965ರ ಯುದ್ಧಕ್ಕೆ ಬನ್ನಿ. 'ಜೈ ಜವಾನ್ ಜೈ ಕಿಸಾನ್' ಅಂದ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತು ಊಟ ಬಿಡಿ ಅಂತ ದೇಶವನ್ನು ಕೇಳಿಕೊಂಡರು. ಒಳ್ಳೆಯ ಮನುಷ್ಯ, ತಾವೂ ಬಿಟ್ಟರು. ಅಗ್ರಹಾರದೋರು ಸೋಮವಾರ ರಾತ್ರಿ ಫಲಾಹಾರ ಮಾಡಿ ದೇಶಸೇವೆ ಮಾಡಿದರು. ನಮ್ಮ ಕೇರಿಯಲ್ಲಿ ಸೋಮವಾರ ಯಾವುದು, ಶುಕ್ರವಾರ ಯಾವುದು? ಬಿಡೋಕೆ ಒಂದು ಹೊತ್ತಾದರೂ ಇರಬೇಕಲ್ಲ!

ಇನ್ನು ನೀರಿನ ಕಥೆ. ಎರಡನೇ ಮಹಾಯುದ್ಧ ಶುರುವಾದ 1939ರಲ್ಲೇ ಜೋಗದ ವಿದ್ಯುತ್ ಯೋಜನೆಯ ಕೆಲಸವೂ ಶುರುವಾಯಿತು. ಯುದ್ಧದುದ್ದಕ್ಕೂ ಕೆಲಸ ನಡೆದು, ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು ಎದ್ದು, 1948ರಲ್ಲಿ ಕರೆಂಟು ಹರಿಯಿತು. ಜ್ವರದ ಕಾಡಿನಲ್ಲಿ ಕಲ್ಲು ಒಡೆದೋರು, ಗಾರೆ ಹೊತ್ತೋರು ಯಾವ ಜಾತಿಯೋರು ಅಂತ ಈ ದೇಶದಲ್ಲಿ ಕೇಳೋ ಅಗತ್ಯವಿಲ್ಲ. ಆ ಅಣೆಕಟ್ಟಿಗೆ ಆಯುಷ್ಯ ಬಂದದ್ದು ಹದಿನಾರು ವರ್ಷ. 1964ರಲ್ಲಿ ಲಿಂಗನಮಕ್ಕಿ ಕಟ್ಟಿ, 1819 ಅಡಿ ಮಟ್ಟಕ್ಕೆ 151 ಟಿಎಂಸಿ ನೀರು ನಿಲ್ಲಿಸಿದರು. ಹಳೇ ಅಣೆಕಟ್ಟೇ ಮುಳುಗಿತು. ಸಾಗರ, ಹೊಸನಗರ ತಾಲೂಕಿನ ಊರುಗಳು ಮುಳುಗಿದವು. 1962ರಲ್ಲಿ ಚೀನಾ, 1965ರಲ್ಲಿ ಪಾಕಿಸ್ತಾನ, ಎರಡೂ ಯುದ್ಧದ ನಡುವೆ ಮುಳುಗಿದ ಊರುಗಳಿಗೆ ಹೇಳಿದ್ದೂ ಅದೇ ಮಾತು: ದೇಶಕ್ಕೆ ಬೆಳಕು ಬೇಕು, ಕಾರ್ಖಾನೆಗೆ ಕರೆಂಟು ಬೇಕು, ತ್ಯಾಗ ಮಾಡಿ. ಪಟ್ಟೆಯಿದ್ದೋನಿಗೆ ಎಕರೆಗೆ ಇಷ್ಟು ಅಂತ ಪರಿಹಾರ ಅಳೆದರು. ಒಕ್ಕಲೆದ್ದ ಗೌಡ ಲಾರಿಯಲ್ಲಿ ಬಾಗಿಲು, ತೊಲೆ, ದನ ಎಲ್ಲ ಹೇರಿಕೊಂಡು ಹೋದ. ಅವನ ಮನೆಯ ಆಳಿಗೆ ಏನು ಅಳೆಯೋದು? ಅವನ ಹತ್ತಿರ ಇದ್ದದ್ದು ಸ್ಮಶಾನವೊಂದೇ, ಅದೂ ಮುಳುಗಿತು.

ಭೂಮಿ ಇದ್ದೋರದ್ದೂ ಸುಖದ ಕಥೆಯಲ್ಲ ಅನ್ನೋದನ್ನು ಒಪ್ಪುತ್ತೇವೆ. ಮುಳುಗಡೆಯೋರ ಹಕ್ಕುಪತ್ರದ ಗೋಳು ಅರವತ್ತು ವರ್ಷವಾದರೂ ತೀರಿಲ್ಲ. ಹಿನ್ನೀರಿನಾಚೆ ತುಮರಿ ಕಡೆಯೋರಿಗೆ ಸೇತುವೆ ಬಂದದ್ದು 2025ರ ಜುಲೈಯಲ್ಲಿ. ಅಲ್ಲಿಯ ತನಕ ಹೆರಿಗೆಯ ಹೆಂಗಸಿಗೂ ಹೆಣಕ್ಕೂ ದೋಣಿ, ಲಾಂಚು. ದೇಶಕ್ಕೆ ಬೆಳಕು ಕೊಟ್ಟೋರಿಗೆ ದೇಶ ಕೊಟ್ಟ ಗೌರವ ಇಷ್ಟು. ಅವರದೇ ಈ ಗತಿಯಾದರೆ ಅವರ ಹಿಂದೆ ಹೊರೆ ಹೊತ್ತು ನಡೆದೋರದ್ದು?

ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಮಡೆನೂರಿನ ಹಳೇ ಅಣೆಕಟ್ಟು ಮೇಲೆ ಕಾಣುತ್ತೆ. ಜನ ಗಾಡಿ ಮಾಡಿಕೊಂಡು ಹೋಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ಯುದ್ಧದ ಕಾಲದ ಅಷ್ಟು ಕಲ್ಲು ಒಟ್ಟಿಗೆ ನಿಂತಿರೋ ಜಾಗ ನಮ್ಮ ಸೀಮೆಯಲ್ಲಿ ಬೇರೆ ಇಲ್ಲ. ಹೋದೋರು ಒಂದು ಕಲ್ಲಿನ ಮೇಲೆ ಕೈಯಿಟ್ಟು ನೋಡಿ.

ಈಗ ಕೆಲಸದ ಮಾತು. ದೆಹಲಿಯಲ್ಲಿ 2019ರಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ಕಟ್ಟಿದರು. 1947ರಿಂದ ಈಚೆಗೆ ಸತ್ತ 25 ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರನ್ನು ಒಂದೊಂದಾಗಿ ಕೆತ್ತಿದ್ದಾರೆ. ಒಳ್ಳೆಯ ಕೆಲಸ. ಮನಸ್ಸು ಮಾಡಿದರೆ ಹೆಸರು ಬರೆಯೋಕೆ ಆಗುತ್ತೆ ಅನ್ನೋದು ಇದರಿಂದ ಗೊತ್ತಾಯಿತಲ್ಲ. ನಮ್ಮ ಹತ್ತಿರ ಕಲ್ಲಿಲ್ಲ. ಈ ಪತ್ರಿಕೆ ಇದೆ, ಶಾಯಿ ಇದೆ.

ಹಬ್ಬಕ್ಕೆ ಊರಿಗೆ ಹೋಗೋ ಹಾಸ್ಟೆಲಿನ ಗೆಳೆಯರು, ಗೆಳತಿಯರು ಒಂದು ಸಂಜೆ ಕೇರಿಯ ಅತಿ ಹಿರಿಯರ ಹತ್ತಿರ ಕೂತುಕೊಳ್ಳಿ. ಯಾರು ದಂಡಿಗೆ ಹೋದರು, ಯಾರು ಅಣೆಕಟ್ಟಿನ ಕೆಲಸಕ್ಕೆ ಹೋದರು, ಯಾರು ತಿರುಗಿ ಬರಲಿಲ್ಲ, ಜ್ವರದ ವರ್ಷ ಯಾವ ಮನೆ ಖಾಲಿಯಾಯಿತು, ಮುಳುಗಡೆಯಲ್ಲಿ ಯಾರ ಗುಡಿಸಲು ಹೋಯಿತು, ಕೇಳಿ. ಮೊಬೈಲಿನಲ್ಲಿ ಅವರ ದನಿ ಹಿಡಿದುಕೊಳ್ಳಿ. ಹೆಸರು ಗೊತ್ತಿಲ್ಲದಿದ್ದರೆ 'ಇಂಥೋರ ಮನೆಯ ಸೊಸೆ' ಅಂತ ಬರೆದುಕೊಳ್ಳಿ. ಹೆಂಗಸರದನ್ನು ಮರೆಯಬೇಡಿ, ಅವರನ್ನು ಕೇಳಿದರೆ 'ನಂದೇನಿದೆ' ಅಂತಾರೆ, ಎರಡನೇ ಸಲ ಕೇಳಿ. ತೀರ್ಥಹಳ್ಳಿ ಕಡೆಯೋರು ಸ್ವಲ್ಪ ಹೆಚ್ಚು ಓಡಾಡಬೇಕು. ಆ ಕಡೆಯಿಂದ ನಮಗೆ ಇನ್ನೂ ಒಂದು ಹೆಸರೂ ಬಂದಿಲ್ಲ. ತ್ಯಾಗ, ಬಲಿದಾನ ಅನ್ನೋ ಮಾತು ಸೇರಿಸಬೇಡಿ. ಏನಾಯಿತೋ ಅದನ್ನೇ ಬರೆಯಿರಿ.

ಬರ್ಮಾಕ್ಕೆ ಹೋದ ಮುತ್ತಜ್ಜನ ಹೆಸರನ್ನು ಈ ಸಂಚಿಕೆಯಲ್ಲಿ ಅಚ್ಚು ಹಾಕಿಲ್ಲ. ಮನೆಯೋರನ್ನು ಕೇಳಿಬರೋಕೆ ಹುಡುಗ ಊರಿಗೆ ಹೋಗಿದ್ದಾನೆ. ಮುಂದಿನ ಸಂಚಿಕೆಯ ನಡುವಿನ ಎರಡು ಪುಟ ಖಾಲಿ ಇಟ್ಟಿದ್ದೇವೆ. ಮೊದಲ ಸಾಲು ಅವರದು. ಎರಡನೇ ಸಾಲಿನಿಂದ ನಿಮ್ಮವು ಬರಲಿ. ಮುಂದಿನ ಸಭೆಗೆ ಬರುವಾಗ ಕೈಯಲ್ಲಿ ತನ್ನಿ.